ಆಟದ ಮಣೆಯಲ್ಲಿ ಹಿರಿಯರು ಕಿರಿಯರು

ಆಟವೆಂಬುದು ಮಕ್ಕಳ ಪಾಲಿನ ಸೊತ್ತು, ಪ್ರಾಯ ಸಂದವರಿಗೆ ಅದು ಸಲ್ಲದು ಎಂದು ನಾವು ಸಾಮಾನ್ಯವಾಗಿ ಭಾವಿಸುವುದುಂಟು. ಈ ಭಾವನೆ ಹುಸಿಯೆಂಬುದಕ್ಕೆ ದೂರ ಹೋಗಿ ಸಾಕ್ಷಿ ತರಬೇಕಾದುದಿಲ್ಲ. ಹಂಪೆಯ ಮಂಟಪಗಳ ಕಲ್ಲುಹಾಸಿನ ಮೇಲೆ ಕೊರೆದ ಆಟದ ಮನೆಗಳನ್ನು ಪ್ರವಾಸಕ್ಕೆ ಹೋದವರು ನೋಡಿರಬಹುದು. ಕಲ್ಲಿನಲ್ಲಿ ಗೆರೆ ಕೊರೆಯುವುದು ಎಳೆಯ ಕೈಗಳ ಕೆಲಸವಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪–೧೮೬೮) ಆಸ್ಥಾನದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ ಎಂಬ ಒಂದು ನಿಧಿ ಆಟಗಳಿಗೇ ಮೀಸಲಾಗಿದೆ. ೧೮೩೧ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಹೋದ ಅನಂತರವೂ ಬಹುಕಾಲ ಬಾಳಿದ ಈ ಅರಸರು ಹೊಸ ಹೊಸ ಆಟಗಳನ್ನು ಕಲ್ಪಿಸುವುದರಲ್ಲಿ ಆಸಕ್ತರಾಗಿದ್ದರು. ಕೈಗೆ ಬಿಡುವು ಬಂದಾಗ ಮನುಷ್ಯನಿಗೆ ಆಟ ಬೇಕಾಗುತ್ತದೆ; ಅರಸನಾದರೂ ಅಷ್ಟೆ, ಕಾರ್ಖಾನೆಯಿಂದ ನಿವೃತ್ತನಾದ ಕಾರ್ಮಿಕನಾದರೂ ಅಷ್ಟೆ.

ಈಗ ಕಲ್ಲುಹಾಸೂ ಮಣೆಯೂ ಹಿಂದೆ ಸರಿದು ಮೊಬೈಲು ಮುಂದೆ ಬಂದಿದೆ. ಮೊಬೈಲಿನ ಆಟಗಳನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಅದರ ಕೆಡುಕನ್ನೇ ಬರೆಯುತ್ತಾರೆ: ಮಕ್ಕಳ ಓದು ಕೆಟ್ಟಿತು, ಕಣ್ಣು ಹೋಯಿತು, ನಿದ್ರೆ ಹೋಯಿತು ಎಂದು. ಅದೆಲ್ಲ ಸುಳ್ಳೆಂದು ನಾನು ವಾದಿಸುವುದಿಲ್ಲ. ಆದರೆ ಮನೆಯ ಅಜ್ಜನೂ ಮೊಮ್ಮಗುವೂ ಒಂದೇ ಫೋನಿನ ಮುಂದೆ ಕುಳಿತು ಆಡುವಾಗ ಅವರಿಬ್ಬರ ನಡುವೆ ಏನು ನಡೆಯುತ್ತದೆ ಎಂಬುದನ್ನು ಗಮನಿಸಿದವರು ಕಡಮೆ. ಶಿವಮೊಗ್ಗ ಮತ್ತು ಭದ್ರಾವತಿಯ ಕೆಲವು ಪರಿಚಿತರ ಮನೆಗಳಲ್ಲಿ ಕುಳಿತು ನೋಡಿದುದನ್ನೂ, ನಮ್ಮ ಮನೆಯಲ್ಲಿಯೇ ಕಂಡುದನ್ನೂ, ಸಮಾಜಶಾಸ್ತ್ರದ ವಿದ್ಯಾರ್ಥಿಯಾಗಿ ಓದಿದ ಅಷ್ಟಿಷ್ಟನ್ನೂ ಸೇರಿಸಿ ಇಲ್ಲಿ ವಿಚಾರ ಮಾಡಲು ಯತ್ನಿಸಿದ್ದೇನೆ.

ಮೊದಲು ಹಳೆಯ ಆಟದ ಮಾತು. ಚೌಕಾಬಾರವನ್ನು ಬಲ್ಲವರಿಗೆ ಅದರ ವಿವರಣೆ ಬೇಕಿಲ್ಲ. ಆದರೂ ನಮ್ಮ ತರಗತಿಯಲ್ಲಿಯೇ ಅದನ್ನು ಆಡದವರಿರುವುದರಿಂದ ನಾಲ್ಕು ಮಾತು ಬರೆಯುತ್ತೇನೆ. ಐದು ಸಾಲು ಐದು ಕಂಬಗಳ ಇಪ್ಪತ್ತೈದು ಮನೆಗಳನ್ನು ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ನೆಲದ ಮೇಲೆ ಗೀಚುತ್ತಾರೆ. ನಾಲ್ಕು ಬದಿಗಳ ನಡುಮನೆಗಳಲ್ಲಿ ಗುಣಾಕಾರದ ಗುರುತು ಹಾಕಿದರೆ ಅವು ಕಟ್ಟೆಗಳು. ಅಲ್ಲಿ ನಿಂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ: ಹುಣಸೆಬೀಜ, ಬಳೆಚೂರು, ಅಡಿಕೆಹೋಳು, ಕಲ್ಲುಹರಳು, ಸಿಕ್ಕಿದ್ದೇ ಕಾಯಿ. ನಾಲ್ಕು ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ಚೆಲ್ಲುತ್ತಾರೆ. ನಾಲ್ಕೂ ಮೊಗಚಿ ಮೇಲ್ಮುಖವಾಗಿ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಎಂಟು. ಇವೆರಡು ಬಿದ್ದವನಿಗೆ ಮತ್ತೊಂದು ಸರದಿ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ನಡುಮನೆ ಸೇರಿದ ಕಾಯಿ ‘ಹಣ್ಣಾಯಿತು’ ಎನ್ನುತ್ತಾರೆ. ಕಾಯಿ ಹಣ್ಣಾಗುವ ಈ ಮಾತು ನನಗೆ ಬಹಳ ಇಷ್ಟ.

ಭದ್ರಾವತಿಯಲ್ಲಿ ಈ ಆಟಕ್ಕೆ ಇನ್ನೊಂದು ವಿಶೇಷವುಂಟು. ೧೯೧೮ರಲ್ಲಿ ಸ್ಥಾಪನೆಗೊಂಡು ೧೯೨೩ರಲ್ಲಿ ಕಬ್ಬಿಣ ತೆಗೆಯಲಾರಂಭಿಸಿದ ಕಾರ್ಖಾನೆಯೂ, ಅನಂತರ ೧೯೩೬ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆಯೂ ಈ ಊರಿಗೆ ನಾಲ್ಕು ದಿಕ್ಕುಗಳಿಂದ ಜನರನ್ನು ಕರೆತಂದವು. ವಸತಿಗೃಹಗಳ ಒಂದೇ ಸಾಲಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವೂ ಕೇಳಿಬರುತ್ತಿದ್ದವು. ನಾವು ಚೌಕಾಬಾರವೆಂದುದನ್ನು ಬಲಗಡೆಯ ಮನೆಯವರು ತಾಯಂ ಎನ್ನುವರು, ಎಡಗಡೆಯವರು ಅಷ್ಟಾಚೆಮ್ಮಾ ಎನ್ನುವರು. ಹೆಸರು ಬೇರೆಯಾದಂತೆ ಕಟ್ಟಳೆಯೂ ತುಸು ಬೇರೆ. ಒಂದೇ ಮನೆಯಲ್ಲಿ ಎರಡು ಕಾಯಿ ಕೂಡಿದರೆ ಗಟ್ಟಿಯೋ ಅಲ್ಲವೋ, ಮೂರು ಸಾರಿ ಚೌಕ ಬಿದ್ದರೆ ಲೆಕ್ಕಕ್ಕುಂಟೋ ಇಲ್ಲವೋ, ಇವನ್ನೆಲ್ಲ ಆಟಕ್ಕೆ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕಾಗುತ್ತಿತ್ತು. ಇತ್ಯರ್ಥ ಮಾಡುವವರು ಹಿರಿಯರು. ನನ್ನ ಅಜ್ಜ ಹೇಳುವಂತೆ, ಅರ್ಧ ಆಟ ಕವಡೆಯಲ್ಲಿ, ಇನ್ನರ್ಧ ಜಗಳದಲ್ಲಿ. ಎಂದರೆ ಆಟದ ವಿದ್ಯೆ ಹಿರಿಯರ ಕೈಯಲ್ಲಿತ್ತು. ಕಿರಿಯರು ಪಕ್ಕದಲ್ಲಿ ಕುಳಿತು, ಮೊದಮೊದಲು ಕವಡೆ ಹೆಕ್ಕಿಕೊಡುತ್ತ, ಆಮೇಲೆ ಕಾಯಿ ನಡೆಸುತ್ತ, ಕೊನೆಗೆ ಮಣೆಗೆ ಬರುತ್ತಿದ್ದರು.

೨೦೨೦ರ ಮಾರ್ಚ್ ೨೫ರಿಂದ ದೇಶಕ್ಕೆಲ್ಲ ಲಾಕ್‌ಡೌನ್ ಬಂದಿತು. ಆಗ ನಾನು ಒಂಬತ್ತನೆಯ ತರಗತಿ ಮುಗಿಸುವ ಹಂತದಲ್ಲಿದ್ದೆ. ಜನ್ನಾಪುರದ ನಮ್ಮ ಮನೆಯಲ್ಲಿ ಆರು ಜನ, ಎರಡು ಕೋಣೆ, ಒಂದು ಮೊಬೈಲು. ಮೊದಲ ವಾರ ಅಜ್ಜನು ನಡುಮನೆಯ ಕೆಂಪು ಗಾರೆಯ ಮೇಲೆ ಚೌಕಾಬಾರದ ಮನೆ ಬರೆದನು. ಎರಡನೆಯ ವಾರ ಬೆಂಗಳೂರಿನಲ್ಲಿದ್ದ ನನ್ನ ಅತ್ತೆಯ ಮಕ್ಕಳು ಫೋನಿನಲ್ಲಿ ಲೂಡೋ ಆಡಲು ಕರೆದರು. ‘ಲೂಡೋ ಕಿಂಗ್’ ಎಂಬ ಆ ಆಟವನ್ನು ಮುಂಬಯಿಯ ಬಳಿಯ ಗೇಮ್ಶನ್ ಎಂಬ ಕಂಪೆನಿ ೨೦೧೬ರಲ್ಲಿಯೇ ಹೊರತಂದಿತ್ತು; ಅದು ದೇಶದ ಮನೆಮನೆಗೂ ನುಗ್ಗಿದುದು ಮಾತ್ರ ೨೦೨೦ರ ಆ ಬೇಸಿಗೆಯಲ್ಲಿ. ಗುಪ್ತ ಸಂಖ್ಯೆಯೊಂದನ್ನು ಹಂಚಿಕೊಂಡರೆ ಬೇರೆ ಬೇರೆ ಊರುಗಳಲ್ಲಿರುವವರು ಒಂದೇ ಮಣೆಗೆ ಕೂಡಬಹುದು. ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿಯೂ ಆಡಬಹುದು.

ಅಜ್ಜನು ಮೊದಲ ಸಾರಿ ಆ ಪರದೆಯನ್ನು ನೋಡಿ ಹೇಳಿದುದು ಒಂದೇ ಮಾತು: “ಇದು ಪಗಡೆ ಅಲ್ವೇನೋ?” ಅವನ ಮಾತು ನಿಜ. ನಮ್ಮ ಪಗಡೆ ಪಚೀಸಿಗಳನ್ನು ಭಾರತದಲ್ಲಿ ನೋಡಿದ ಇಂಗ್ಲಿಷರು ೧೯ನೆಯ ಶತಮಾನದ ಕೊನೆಯ ವೇಳೆಗೆ ಅವನ್ನು ಸರಳಗೊಳಿಸಿ, ಕವಡೆಯ ಬದಲು ಆರು ಮುಖದ ದಾಳವನ್ನಿಟ್ಟು, ಲೂಡೋ ಎಂದು ಹೆಸರು ಕೊಟ್ಟು ಮಾರಾಟಕ್ಕೆ ತಂದರು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ‘ಆಡುತ್ತೇನೆ’ ಎಂದರ್ಥ. ನಮ್ಮಿಂದ ಹೋದದ್ದು ಹಡಗಿನಲ್ಲಿ ರಟ್ಟಿನ ಮಣೆಯಾಗಿ ಮರಳಿ ಬಂದು, ಈಗ ಗಾಜಿನ ಪರದೆಯಾಗಿ ಮೂರನೆಯ ಸಾರಿ ಮನೆ ಹೊಕ್ಕಿದೆ. ಹಾಗಾಗಿ ಆಟದ ಒಳತಿರುಳನ್ನು ಅಜ್ಜನಿಗೆ ಕಲಿಸಬೇಕಾಗಿರಲಿಲ್ಲ. ಎಲ್ಲಿ ನಿಂತರೆ ಕ್ಷೇಮ, ಯಾವಾಗ ಓಡಬೇಕು, ಯಾವ ಕಾಯಿಯನ್ನು ಬಲಿಕೊಟ್ಟರೆ ಯಾವುದು ಉಳಿದೀತು ಎಂಬುದರಲ್ಲಿ ಅವನೇ ನಮಗೆ ಗುರು. ಅವನಿಗೆ ತಿಳಿಯದಿದ್ದುದು ಗಾಜನ್ನು ಮುಟ್ಟುವ ವಿದ್ಯೆ ಒಂದೇ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅದಕ್ಕೂ ಮುಂಚಿನಿಂದ ಅರ್ಜಿ ತುಂಬುವುದು, ಬ್ಯಾಂಕಿನ ಚೀಟಿ ಬರೆಯುವುದು, ಫೋನಿಗೆ ಬಂದ ಸಂದೇಶವನ್ನು ಓದಿ ಹೇಳುವುದು ಎಲ್ಲವೂ ನನ್ನ ಪಾಲಿಗೆ ಬಂದ ಕೆಲಸಗಳು. ನನ್ನಂತಹ ಮನೆಗಳಿಂದ ಬಂದ ಸಹಪಾಠಿಗಳಿಗೆ ಈ ಮಾತು ಅರ್ಥವಾದೀತು. ಹೀಗೆ ಅಭ್ಯಾಸವಾದ ಕೈಗೆ ತಾಳ್ಮೆ ಕಡಮೆ. “ಕೊಡಿ ಇಲ್ಲಿ, ನಾನ್ ಮಾಡ್ತೀನಿ” ಎಂಬುದು ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಲೂಡೋದಲ್ಲಿಯೂ ಹಾಗೆಯೇ ಆಯಿತು. ಅಜ್ಜನ ಸರದಿ ಬಂದಾಗ ಅವನು ದಾಳವನ್ನು ಒತ್ತುವನು, ಅದು ಉರುಳದು. ಮತ್ತೆ ಒತ್ತುವನು, ಬಲವಾಗಿ ಒತ್ತುವನು. ಅತ್ತ ಬೆಂಗಳೂರಿನವರು ಕಾಯುತ್ತಿದ್ದಾರೆ, ಇತ್ತ ಪರದೆಯ ಮೇಲೆ ಸರದಿಯ ಗಡುವು ಕರಗುತ್ತಿದೆ. ನಾನು ಫೋನನ್ನು ಕಿತ್ತುಕೊಂಡು ದಾಳ ಒತ್ತಿ, ಒಂದು ಕಾಯಿಯನ್ನೂ ನಡೆಸಿ ಹಿಂದಕ್ಕೆ ಕೊಟ್ಟೆ. ಎರಡನೆಯ ದಿನ ಅಜ್ಜನು ತಾನಾಗಿಯೇ “ನೀನೇ ಒತ್ತು” ಎಂದನು. ಮೂರನೆಯ ದಿನ ಆಟಕ್ಕೆ ಕರೆದಾಗ ಬರಲಿಲ್ಲ. ಏಕೆಂದು ಕೇಳಿದರೆ, “ಆಟ ನಂದು, ಕೈ ನಿಂದು ಆದ್ರೆ ಹೆಂಗೆ ಮಗಾ? ನೀವೇ ಆಡ್ಕಳಿ” ಎಂದನು. ಕೋಪವಿರಲಿಲ್ಲ, ಎದ್ದು ಹೋಗಿ ಹಿತ್ತಲಿನ ಬಾಗಿಲಲ್ಲಿ ಕುಳಿತನು. ಆಗ ನನಗೆ ಅದರ ಭಾರ ತಿಳಿಯಲಿಲ್ಲವೆಂದೇ ಹೇಳಬೇಕು. ಆಟಕ್ಕೆ ಮೂವರೇ ಆದೆವಲ್ಲ ಎಂಬುದಷ್ಟೇ ಆಗಿನ ಕೊರಗು.

ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ೧೯೭೦ರಲ್ಲಿ ಪ್ರಕಟಿಸಿದ ಒಂದು ಗ್ರಂಥದಲ್ಲಿ ಸಂಸ್ಕೃತಿಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಕಿರಿಯರು ಹಿರಿಯರಿಂದ ಕಲಿಯುವುದು ಒಂದು. ಹಿರಿಯರೂ ಕಿರಿಯರೂ ತಂತಮ್ಮ ಓರಗೆಯವರಿಂದ ಕಲಿಯುವುದು ಇನ್ನೊಂದು. ಹಿರಿಯರೇ ಕಿರಿಯರಿಂದ ಕಲಿಯಬೇಕಾಗಿ ಬರುವುದು ಮೂರನೆಯದು. ಜಗತ್ತು ಬೇಗಬೇಗನೆ ಬದಲಾಗುವಾಗ ಈ ಮೂರನೆಯ ಬಗೆ ಮೇಲೆ ಬರುತ್ತದೆ ಎಂಬುದು ಅವರ ಅಭಿಪ್ರಾಯ. ತರಗತಿಯಲ್ಲಿ ಇದನ್ನು ಓದಿದಾಗ ನನಗೆ ಕೂಡಲೇ ನಮ್ಮ ನಡುಮನೆ ನೆನಪಾಯಿತು. ಆದರೆ ನಮ್ಮ ನಡುಮನೆಯಲ್ಲಿ ನಡೆದುದು ಅಷ್ಟು ಶುದ್ಧವಾಗಿ ಮೂರನೆಯ ಬಗೆಗೆ ಸೇರುವುದಿಲ್ಲ. ಆಟದ ಬುದ್ಧಿ ಅಜ್ಜನದು, ಬೆರಳಿನ ಚುರುಕು ನನ್ನದು. ಒಂದೇ ಮಣೆಯ ಮುಂದೆ ಗುರು ಶಿಷ್ಯರ ಪಾತ್ರ ಗಳಿಗೆಗೊಮ್ಮೆ ಅದಲುಬದಲಾಗುತ್ತಿತ್ತು. ನಾನು ನನ್ನ ಪಾಠವನ್ನು ಕಲಿಸುವ ಬದಲು ಕಿತ್ತುಕೊಂಡದ್ದರಿಂದ ಅವನ ಪಾಠವೂ ನಿಂತುಹೋಯಿತು.

ಬೆರಳಿನ ವಿಚಾರ ತುಸು ವಿವರವಾಗಿ ಹೇಳಬೇಕಾದುದು. ಮೊಬೈಲಿನ ಗಾಜಿನ ಕೆಳಗೆ ಅತಿ ಸೂಕ್ಷ್ಮವಾದ ವಿದ್ಯುತ್ ಕ್ಷೇತ್ರವೊಂದು ಹರಡಿಕೊಂಡಿರುತ್ತದೆ. ನಮ್ಮ ದೇಹ ವಿದ್ಯುತ್ತಿನ ವಾಹಕವಾದುದರಿಂದ ಬೆರಳು ತಗುಲಿದೆಡೆಯಲ್ಲಿ ಆ ಕ್ಷೇತ್ರ ವ್ಯತ್ಯಾಸಗೊಳ್ಳುತ್ತದೆ. ಫೋನು ಅದನ್ನೇ ಸ್ಪರ್ಶವೆಂದು ತಿಳಿಯುತ್ತದೆ. ಒತ್ತುವ ಬಲಕ್ಕೂ ಅದಕ್ಕೂ ಸಂಬಂಧವಿಲ್ಲ. ಒಣಗಿ ಜಡ್ಡುಗಟ್ಟಿದ ಚರ್ಮ ಈ ವ್ಯತ್ಯಾಸವನ್ನು ಸರಿಯಾಗಿ ಉಂಟುಮಾಡಲಾರದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಾದ ಕಬ್ಬಿಣದ ಬಳಿ ಇಕ್ಕಳ ಹಿಡಿದ ನನ್ನ ಅಜ್ಜನ ಬೆರಳತುದಿಗಳು ಬೂದಿಬಣ್ಣಕ್ಕೆ ತಿರುಗಿ ತೊಗಲಿನಂತಾಗಿವೆ. ಪಡಿತರದ ಅಕ್ಕಿ ತರಲು ಹೋದಾಗಲೂ ಬೆರಳಚ್ಚಿನ ಯಂತ್ರ ಅವನನ್ನು ಒಂದೇ ಸಲಕ್ಕೆ ಗುರುತಿಸಿದುದು ನನಗೆ ನೆನಪಿಲ್ಲ. ಹಿರಿಯರಿಗೆ ಮೊಬೈಲು ‘ಬರುವುದಿಲ್ಲ’ ಎಂದು ನಾವು ನಗುತ್ತೇವೆ. ಕೆಲವು ಸಲ ಬಾರದಿರುವುದು ಮೊಬೈಲಿಗೆ. ದುಡಿದ ಬೆರಳನ್ನು ಅದು ಬೆರಳೆಂದೇ ಎಣಿಸುವುದಿಲ್ಲ.

ಇದಕ್ಕೆ ಪರಿಹಾರ ಕಂಡುಹಿಡಿದವನೂ ಅಜ್ಜನೇ. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಾವೆಲ್ಲ ಮಲಗಿದ್ದಾಗ ಅವನು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಏನೋ ಮಾಡುತ್ತಿದ್ದನು. ಎದ್ದು ನೋಡಿದರೆ ತೋರುಬೆರಳನ್ನು ಮಡಿಸಿ ಗೆಣ್ಣಿನಿಂದ, ಬಾಗಿಲು ತಟ್ಟುವಂತೆ ಮೆಲ್ಲಗೆ, ದಾಳವನ್ನು ತಟ್ಟುತ್ತಿದ್ದಾನೆ, ದಾಳ ಉರುಳುತ್ತಿದೆ! ಗೆಣ್ಣಿನ ಮೇಲಿನ ಚರ್ಮಕ್ಕೆ ಜಡ್ಡಿಲ್ಲವೆಂಬುದು ಅವನಿಗೆ ತಾನಾಗಿ ಹೊಳೆದಿತ್ತು. ಕಂಪ್ಯೂಟರಿನ ಎದುರು ಒಬ್ಬನೇ ಎಷ್ಟು ಮಧ್ಯಾಹ್ನ ಅಭ್ಯಾಸ ಮಾಡಿದ್ದನೋ ತಿಳಿಯದು. ಅಂದು ಸಂಜೆ ಅವನು ತಾನಾಗಿ ಆಟಕ್ಕೆ ಬಂದು ಕುಳಿತನು, ಮತ್ತು ನಮ್ಮೆಲ್ಲರನ್ನೂ ಸೋಲಿಸಿದನು. ಆಮೇಲೆ ನಮ್ಮ ಬೀದಿಯ ಇನ್ನಿಬ್ಬರು ನಿವೃತ್ತರಿಗೂ ಈ ಗೆಣ್ಣಿನ ವಿದ್ಯೆಯನ್ನು ಕಲಿಸಿದನು. ಓರಗೆಯವರಿಂದ ಓರಗೆಯವರು ಕಲಿಯುವ ಮೀಡ್ ಅವರ ಎರಡನೆಯ ಬಗೆಯೂ ಹೀಗೆ ನಮ್ಮ ಬೀದಿಯಲ್ಲಿ ಕಾಣಿಸಿತು.

ಸ್ವೀಡನ್ ದೇಶದ ಕುಟುಂಬಗಳಲ್ಲಿ ಮಕ್ಕಳೂ ದೊಡ್ಡವರೂ ಕಂಪ್ಯೂಟರ್ ಆಟಗಳ ಸುತ್ತ ಹೇಗೆ ವರ್ತಿಸುತ್ತಾರೆಂಬುದನ್ನು ಗಮನಿಸಿ ಪೋಲ್ ಆರ್ಸಾಂಡ್ ಎಂಬ ಸಂಶೋಧಕರು ೨೦೦೭ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಲೆಮಾರುಗಳ ನಡುವಿನ ತಿಳಿವಳಿಕೆಯ ಅಂತರವನ್ನು ಎಲ್ಲರೂ ಕೊರತೆಯೆಂದು ಎಣಿಸುತ್ತಿದ್ದಾಗ, ಅದು ಮಾತಿಗೂ ಒಡನಾಟಕ್ಕೂ ಬಂಡವಾಳವಾಗಬಲ್ಲುದು ಎಂದು ಅವರು ತೋರಿಸಿದರು. ದೊಡ್ಡವರು ತಿಳಿಯದೆಂದು ಹೇಳಿ ಮಕ್ಕಳ ಆಟದೊಳಗೆ ಪ್ರವೇಶ ಪಡೆಯುತ್ತಾರೆ. ಮಕ್ಕಳು ತಿಳಿದವರಾಗಿ ಮೇಲುಗೈ ಪಡೆಯುತ್ತಾರೆ. ಈ ಮಾತಿನ ಸತ್ಯವನ್ನು ನಾನು ಶಿವಮೊಗ್ಗದ ದುರ್ಗಿಗುಡಿಯ ಒಂದು ಮನೆಯಲ್ಲಿ ಕಂಡೆ. ಅಲ್ಲಿನ ಅಜ್ಜಿಯೊಬ್ಬರು ಬಣ್ಣದ ಮಿಠಾಯಿಗಳನ್ನು ಜೋಡಿಸುವ ‘ಕ್ಯಾಂಡಿ ಕ್ರಷ್’ ಆಟದಲ್ಲಿ ನಿಪುಣರು. ೨೦೧೨ರಲ್ಲಿ ಬಂದ ಈ ಆಟದಲ್ಲಿ ಐದು ಜೀವಗಳು. ಸೋತಂತೆಲ್ಲ ಒಂದೊಂದು ಹೋಗುತ್ತದೆ, ಹೋದ ಜೀವವೊಂದು ಮರಳಲು ಅರ್ಧ ಗಂಟೆ ಬೇಕು, ಇಲ್ಲವೆ ಗೆಳೆಯರು ಕಳಿಸಬೇಕು. ಹೈಸ್ಕೂಲಿನ ಮೊಮ್ಮಗಳಿಗೆ ಈ ಅಜ್ಜಿ ದಿನಾ ಬೆಳಗ್ಗೆ ಕೇಳುವ ಮಾತು: “ಒಂದು ಜೀವ ಕೊಡೇ.” ಅಕ್ಕಪಕ್ಕದವರಿಗೆ ಇದು ದೊಡ್ಡ ವಿನೋದ. ಆದರೆ ಅದೇ ಅಜ್ಜಿಗೆ ಜೀವ ಕಳಿಸುವ ಗುಂಡಿ ಎಲ್ಲಿದೆಯೆಂಬುದು ಚೆನ್ನಾಗಿ ಗೊತ್ತು; ಮೊಮ್ಮಗಳು ಶಾಲೆಗೆ ಹೋದ ಮೇಲೆ ತಾವೇ ಬೇರೆ ನೆಂಟರಿಂದ ತರಿಸಿಕೊಳ್ಳುತ್ತಾರೆ. ಬೆಳಗ್ಗೆ ಕೇಳುವುದು ಕೇಳುವ ಸಂತೋಷಕ್ಕಾಗಿಯೇ ಎಂದು ಅವರೇ ನನಗೆ ಗುಟ್ಟಾಗಿ ಹೇಳಿದರು.

ಎಲ್ಲ ಆಟಗಳೂ ಹೀಗೆ ಇಬ್ಬರಿಗೂ ಒದಗಿಬರುವುದಿಲ್ಲ. ಗುಂಡು ಹಾರಿಸುವ ಪಬ್‌ಜಿಯಂತಹ ಆಟಗಳಲ್ಲಿ ಹಿರಿಯರಿಗೆ ಜಾಗವಿಲ್ಲ. ಪಬ್‌ಜಿ ೨೦೨೦ರ ಸೆಪ್ಟೆಂಬರಿನಲ್ಲಿ ನಿಷೇಧಗೊಂಡು, ಮರುವರ್ಷ ಹೆಸರು ಬದಲಿಸಿಕೊಂಡು ಬಂದಿತಷ್ಟೆ. ವಿನೋಬನಗರದ ಒಬ್ಬ ಗೆಳೆಯನ ಮನೆಯಲ್ಲಿ ಅವನ ತಂದೆ ಬೆನ್ನ ಹಿಂದೆ ನಿಂತು, “ಬಲಗಡೆ ನೋಡು, ಬಲಗಡೆ” ಎನ್ನುವುದನ್ನು ಮಾತ್ರ ಒಮ್ಮೆ ಕೇಳಿದೆ. ಅದೂ ಒಂದು ಬಗೆಯ ಕೂಡಿ ಆಡುವಿಕೆಯೇ ಇರಬಹುದು. ಚೌಕಾಬಾರದಲ್ಲಿಯೂ ಸುತ್ತ ನಿಂತು ಬುದ್ಧಿ ಹೇಳುವವರೇ ಹೆಚ್ಚು. ಆದರೆ ಅಲ್ಲಿ ಬೆರಳಿನ ವೇಗವೇ ಸರ್ವಸ್ವವಾದುದರಿಂದ ಅರವತ್ತರವರು ಹದಿನೆಂಟರವರ ಮುಂದೆ ನಿಲ್ಲಲಾರರು. ಫ್ರಾನ್ಸಿನ ರೋಜೇ ಕಾಯ್ವಾ ಎಂಬ ವಿದ್ವಾಂಸರು ೧೯೫೮ರ ತಮ್ಮ ಗ್ರಂಥದಲ್ಲಿ ಆಟಗಳನ್ನು ಸ್ಪರ್ಧೆ, ಅದೃಷ್ಟ, ಅನುಕರಣ, ತಲೆತಿರುಗು ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಸ್ಪರ್ಧೆ ಬಲ್ಲವನನ್ನು ಗೆಲ್ಲಿಸುತ್ತದೆ, ಅದೃಷ್ಟ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ದಾಳಕ್ಕೆ ವಯಸ್ಸು ತಿಳಿಯದು. ಏಳು ವರ್ಷದ ಹುಡುಗಿ ಎಪ್ಪತ್ತೆರಡರ ಅಜ್ಜನನ್ನು ನಿಜವಾಗಿಯೇ ಸೋಲಿಸಬಹುದಾದ ಕೆಲವೇ ಸಂದರ್ಭಗಳಲ್ಲಿ ಲೂಡೋ ಒಂದು. ಚೌಕಾಬಾರವೂ ಲೂಡೋವೂ ಎರಡು ತಲೆಮಾರುಗಳನ್ನು ಒಂದೆಡೆ ಕೂರಿಸಬಲ್ಲುದಕ್ಕೆ, ಅವುಗಳಲ್ಲಿ ಅದೃಷ್ಟವೂ ಬುದ್ಧಿಯೂ ಹೆಚ್ಚುಕಡಮೆ ಸಮಪಾಲಿನಲ್ಲಿ ಬೆರೆತಿರುವುದೇ ಕಾರಣವೆಂದು ನನಗೆ ತೋರುತ್ತದೆ.

ಇನ್ನು ಹಿರಿಯರ ಆಕ್ಷೇಪಣೆಗಳು. ಅವನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವುದು ಸರಿಯಲ್ಲ. ಮೊದಲನೆಯದಾಗಿ ಜಾಹೀರಾತು: ಆಟದ ನಡುವೆ ಪರದೆ ತುಂಬ ಬೇರೇನೋ ಬಂದು ಕುಳಿತುಕೊಳ್ಳುತ್ತದೆ, ಅದನ್ನು ಮುಚ್ಚುವ ಗುರುತು ಎಳ್ಳುಕಾಳಿನಷ್ಟಿರುತ್ತದೆ. ಅದರ ಪಕ್ಕಕ್ಕೆ ಬೆರಳು ತಗುಲಿದರೆ ಇನ್ನಾವುದೋ ಅಂಗಡಿ ತೆರೆಯುತ್ತದೆ. ಪಿಂಚಣಿಯ ಹಣ ಬರುವುದೂ ಅದೇ ಫೋನಿಗೆ ಕಟ್ಟಿದ ಖಾತೆಗೆ. “ಏನೋ ಒತ್ತಿ ದುಡ್ಡು ಹೋದ್ರೆ?” ಎಂಬ ಅಂಜಿಕೆ ಅಜ್ಞಾನದ್ದಲ್ಲ, ಎಚ್ಚರಿಕೆಯದು. ಎರಡನೆಯದು ಜೂಜಿನ ಭಯ. ಪಗಡೆಯೆಂದರೆ ಧರ್ಮರಾಯನ ಕಥೆಯನ್ನು ನೆನೆಯುವ ನಾಡು ನಮ್ಮದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರ ೨೦೨೧ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ೨೦೨೨ರ ಫೆಬ್ರುವರಿಯಲ್ಲಿ ಹೈಕೋರ್ಟು ರದ್ದುಗೊಳಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತೇ ಅಂತಹ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಹಣವಿಲ್ಲದೆ ಆಡುವ ಲೂಡೋಗೆ ಅದರ ಬಾಧೆಯಿಲ್ಲ. ಆದರೂ ಅಜ್ಜಂದಿರು “ದುಡ್ಡಿನದಲ್ಲ ತಾನೆ?” ಎಂದು ಒಮ್ಮೆ ಕೇಳಿಯೇ ಮುಂದುವರಿಯುತ್ತಾರೆ. ಕೇಳಲಿ.

ಮೂರನೆಯ ಆಕ್ಷೇಪಣೆ ದಾಳದ್ದೇ. ಕವಡೆಯನ್ನು ಅಂಗೈಯಲ್ಲಿ ಕುಲುಕುವಾಗ ಅದರ ಶಬ್ದ, ಬಿಸಿ, ಬೀಳುವ ಮುಂಚಿನ ಆ ಒಂದು ಕ್ಷಣ ಎಲ್ಲವೂ ಆಡುವವನ ಕೈಯಲ್ಲಿರುತ್ತದೆ. ಫೋನಿನ ದಾಳವಾದರೋ ಒಂದು ಲೆಕ್ಕ: ಯಂತ್ರವು ಒಂದು ಮೂಲಸಂಖ್ಯೆಯಿಂದ ಹೊರಟು ಗಣಿತದ ಸೂತ್ರವೊಂದರಿಂದ ಕ್ರಮವೇ ಕಾಣದಂತಹ ಸಂಖ್ಯೆಗಳನ್ನು ಹೊರಡಿಸುತ್ತದೆ. ಅದು ಯಾರ ಪರವೂ ಅಲ್ಲ. ಹಾಗೆಂದರೆ ಅಜ್ಜನು ನಂಬುವುದಿಲ್ಲ. ಮನೆಯಿಂದ ಕಾಯಿ ಹೊರಡಲು ಆರು ಬೀಳಬೇಕು. ಅವನಿಗೆ ಹತ್ತು ಸರದಿಯಾದರೂ ಆರು ಬೀಳದಿದ್ದಾಗ, “ಇದರೊಳಗೆ ಯಾರೋ ಕೂತಿದ್ದಾನೆ” ಎನ್ನುವನು.

ಆದರೆ ನಿಜವಾಗಿಯೂ ಕಳೆದುಹೋದುದೊಂದಿದೆ, ಅದನ್ನು ಯಾವ ಪುಸ್ತಕದಲ್ಲಿಯೂ ನಾನು ಓದಲಿಲ್ಲ. ಚಿಕ್ಕಂದಿನಲ್ಲಿ ಅಜ್ಜನೊಡನೆ ಚೌಕಾಬಾರ ಆಡುವಾಗ ನಾನು ಬಹಳ ಸಲ ಗೆಲ್ಲುತ್ತಿದ್ದೆ. ಹೇಗೆ ಗೆಲ್ಲುತ್ತಿದ್ದೆನೆಂಬುದು ದೊಡ್ಡವಳಾದ ನನ್ನ ಅಕ್ಕ ಹೇಳಿದ ಮೇಲೆ ತಿಳಿಯಿತು. ಮೂರು ಬಿದ್ದು ನನ್ನ ಕಾಯಿ ಸಾಯಬೇಕಾದಲ್ಲಿ ಅಜ್ಜನು ತಪ್ಪಿ ಎಣಿಸಿದವನಂತೆ ತನ್ನ ಕಾಯಿಯನ್ನು ಒಂದು ಮನೆ ಮುಂದಿಡುತ್ತಿದ್ದನು. ವಾಲಿ ನಿಂತ ಕವಡೆಯನ್ನು ನನಗೆ ಅನುಕೂಲವಾದಂತೆ ಓದುತ್ತಿದ್ದನು. ಅಳುವ ಮಗುವನ್ನು ಎಷ್ಟು ಸೋಲಿಸಬೇಕು, ಎಷ್ಟು ಗೆಲ್ಲಿಸಬೇಕೆಂಬ ಅಳತೆ ಹಿರಿಯರ ಕೈಯಲ್ಲಿತ್ತು. ಫೋನಿನಲ್ಲಿ ಎಣಿಕೆ ಯಂತ್ರದ್ದು. ನಡೆಸಲು ಒಂದೇ ಕಾಯಿ ಇದ್ದರೆ ಅದು ಕೇಳುವುದೂ ಇಲ್ಲ, ತಾನೇ ನಡೆಸಿ ಎದುರಿನ ಕಾಯಿಯನ್ನು ಕಡಿದುಹಾಕುತ್ತದೆ. ನನ್ನ ತಂಗಿಯ ಕಾಯಿ ಹೀಗೆ ಒಮ್ಮೆ ಅಜ್ಜನ ಕಾಯಿಯಿಂದ ಸತ್ತಿತು. ಅವಳು ಅತ್ತಳು. ಅಜ್ಜನು, “ನಾನಲ್ಲವ್ವ, ಅದೇ ಹೊಡೀತು” ಎಂದು ಫೋನನ್ನು ತೋರಿಸಿದನು. ಯಂತ್ರ ನ್ಯಾಯವಾಗಿಯೇ ನಡೆದುಕೊಂಡಿತ್ತು. ಅಂತಹ ನ್ಯಾಯ ಮನೆಯೊಳಗೆ ಎಷ್ಟು ಬೇಕೆಂಬುದರಲ್ಲಿ ನನಗೆ ಸಂದೇಹವಿದೆ.

ಆದಾಗ್ಯೂ ಕೂಡಿ ಆಡುವುದರಿಂದ ಫಲವಿಲ್ಲವೆಂದು ಹೇಳಲಾಗದು. ಸಿಂಗಪುರದಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯುವಕರನ್ನೂ ವೃದ್ಧರನ್ನೂ ಜೋಡಿಜೋಡಿಯಾಗಿ ಕೂರಿಸಿ, ಕೆಲವು ಜೋಡಿಗಳಿಗೆ ವಿಡಿಯೊ ಆಟವನ್ನೂ ಉಳಿದವಕ್ಕೆ ಟೆಲಿವಿಷನ್ ನೋಡುವುದನ್ನೂ ಕೊಟ್ಟರು. ಕೂಡಿ ಆಡಿದವರಲ್ಲಿ ಪರಸ್ಪರರ ಬಗೆಗಿನ ಅಳುಕು ಕಡಮೆಯಾಗಿ ಸದಭಿಪ್ರಾಯ ಹೆಚ್ಚಿತು. ಕೂಡಿ ನೋಡುವುದಕ್ಕಿಂತ ಕೂಡಿ ಆಡುವುದು ಮೇಲೆಂಬುದು ಇದರಿಂದ ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ಸಂಜೆಯ ಧಾರಾವಾಹಿಯನ್ನು ಎಲ್ಲರೂ ಒಟ್ಟಿಗೆ ನೋಡುತ್ತಾರೆ, ಆದರೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಈಗ ನಾನು ಶಿವಮೊಗ್ಗದ ವಿದ್ಯಾರ್ಥಿನಿಲಯದಲ್ಲಿದ್ದೇನೆ. ಭದ್ರಾವತಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಇಲ್ಲವಾದರೂ ಪರೀಕ್ಷೆಗಳ ನಡುವೆ ಹೋಗಿಬರುವುದು ಕಡಮೆಯಾಗಿದೆ. ಭಾನುವಾರ ರಾತ್ರಿ ಊಟವಾದ ಮೇಲೆ ಅಪ್ಪನ ಫೋನಿನಿಂದ ಕರೆ ಬರುತ್ತದೆ. ತಂಗಿ ಗುಪ್ತ ಸಂಖ್ಯೆಯನ್ನು ಒಂದೊಂದಾಗಿ ಓದುತ್ತಾಳೆ. ನಾವು ಮಣೆಗೆ ಕೂಡುತ್ತೇವೆ. ಅಜ್ಜನು ಹಸಿರು ಕಾಯಿಯನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಅವನ ಸರದಿಯಲ್ಲಿ ಗೆಣ್ಣು ಗಾಜನ್ನು ತಟ್ಟುವ ಸಣ್ಣ ಶಬ್ದ ಇಲ್ಲಿಗೂ ಕೇಳಿಸುತ್ತದೆ. ಕಳೆದ ವಾರ ನನ್ನ ಕೊನೆಯ ಕಾಯಿ ಅವನ ಹಸಿರು ಕಾಯಿಯಿಂದ ಸರಿಯಾಗಿ ನಾಲ್ಕು ಮನೆ ಮುಂದಿತ್ತು. ಅವನಿಗೆ ನಾಲ್ಕು ಬಿತ್ತು. ಅವನು ಬಹಳ ಹೊತ್ತು ತಡೆದು, ಎಲ್ಲೋ ಹಿಂದೆ ಇದ್ದ ಇನ್ನೊಂದು ಕಾಯಿಯನ್ನು ನಡೆಸಿದನು. ನಾನು ಗೆದ್ದೆ. ಏಕೆ ಕಡಿಯಲಿಲ್ಲವೆಂದು ಕೇಳಿದ್ದಕ್ಕೆ, “ಕಾಣ್ಲಿಲ್ಲ ಕಣೋ, ಕಣ್ಣು ಮಂಜು” ಎಂದನು. ಅವನಿಗೆ ಕಣ್ಣಿನ ಪೊರೆ ತೆಗೆಸಿ ಆರು ತಿಂಗಳಾಗಿದೆ. ಪಂಚಾಂಗದ ಸಣ್ಣ ಅಕ್ಷರವನ್ನೂ ಓದುತ್ತಾನೆಂದು ತಂಗಿ ಹಿಂದಿನಿಂದ ಕೂಗಿ ಹೇಳಿದಳು.